ಮೂರನೆಯ ಸೂಜಿ

ಬೀರಮ್ಮನ ಸೂಜಿಗಂಟಿನಲ್ಲಿ ಎರಡೇ ಸೂಜಿ ಇದ್ದವು. ಇರಬೇಕಾದದ್ದು ಮೂರು.

ಸೂಜಿಗಂಟು ಅಂದರೆ ಹೆಚ್ಚೇನಲ್ಲ, ಹಳೇ ಬಟ್ಟೆಯ ಚೂರುಗಳನ್ನು ಒತ್ತಾಗಿ ಸುತ್ತಿ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದ ಉಂಡೆ. ಕೌದಿ ಹೊಲಿಯುವವರು ಕೆಲಸವಿಲ್ಲದಾಗ ಸೂಜಿಗಳನ್ನು ಅದಕ್ಕೆ ಚುಚ್ಚಿಡುತ್ತಾರೆ. ಬೀರಮ್ಮ ಅದನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು ತಿರುಗಿಸಿದಳು. ಎಷ್ಟು ತಿರುಗಿಸಿದರೂ ಎರಡೇ.

ಮಗಳು ಮಾನಸಾ ತನ್ನ ನಾಲ್ಕು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಅರಕಲಗೂಡಿನ ಗಂಡನ ಮನೆಗೆ ಹೊರಟು ಮೂರು ಗಂಟೆಯಾಗಿತ್ತು. ಅಳಿಯ ಮಧುಕುಮಾರ ಕಾರು ತಂದಿದ್ದ. ಮಡಿಲು ತುಂಬಿ, ಕೂಸಿಗೆ ದೃಷ್ಟಿ ತೆಗೆದು, ಕಾರು ಹಳ್ಳಿಮೈಸೂರಿನ ದಾರಿಗೆ ತಿರುಗುವವರೆಗೂ ನಿಂತು ನೋಡಿ, ಕಣ್ಣೊರೆಸಿಕೊಂಡು, ಬಾಣಂತಿ ಕೋಣೆ ಗುಡಿಸೋಣವೆಂದು ಬಂದವಳ ಕೈಗೆ ಈ ಗಂಟು ಸಿಕ್ಕಿತ್ತು. ಕೂಸಿಗೆಂದು ಹಳೇ ಸೀರೆಗಳನ್ನು ಪದರ ಪದರವಾಗಿ ಹಾಕಿ ಅವಳು ಹೊಲಿದಿದ್ದ ಹೊಸ ಕೌದಿ ಕೂಸಿನ ಜೊತೆಯಲ್ಲೇ ಹೋಗಿತ್ತು.

ಮೊದಲು ನೆಲ ಸವರಿದಳು. ಚಾಪೆ ಕೊಡವಿದಳು. ಕಸದ ಗುಡ್ಡೆಯನ್ನು ಮತ್ತೆ ಒಳಗೆ ತಂದು ಬೆರಳಲ್ಲಿ ಕೆದಕಿದಳು. ಮಂಚದ ಕೆಳಗೆ ತೂರಿ ಸಂದುಗೊಂದನ್ನೆಲ್ಲ ತಡಕಿದಳು. ಇಷ್ಟೆಲ್ಲ ಮಾಡುವಾಗಲೂ ಸೂಜಿ ಇಲ್ಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹುಡುಕುತ್ತಿದ್ದಳು, ಯಾಕೆಂದರೆ ಹುಡುಕುವುದನ್ನು ನಿಲ್ಲಿಸಿದರೆ ಅದು ಎಲ್ಲಿದೆ ಅನ್ನುವುದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಆ ಮನೆಯಲ್ಲಿ ಮಗುವಿನ ಕೌದಿಗೆ ಎರಡು ಕಟ್ಟುಪಾಡು. ಒಂದು, ಹಿಂದಿನ ಕೌದಿಯ ಒಂದು ತುಂಡು ಹೊಸ ಕೌದಿಯ ಹೊಟ್ಟೆಯೊಳಗೆ ಇರಬೇಕು. ಹಾಗಾಗಿ ಯಾವ ಕೂಸೂ ತನ್ನೊಬ್ಬಳದೇ ಕೌದಿಯ ಮೇಲೆ ಮಲಗುವುದಿಲ್ಲ, ಅಜ್ಜಿ ಮುತ್ತಜ್ಜಿಯರ ಸೀರೆಗಳೂ ಕೆಳಗಿರುತ್ತವೆ. ಎರಡನೆಯದು, ಮಗುವಿನ ಕೌದಿ ಶುರುವಾದ ಮೇಲೆ ಮುಗಿಯುವ ತನಕ ಸೂಜಿಯನ್ನು ಬಟ್ಟೆಯಿಂದ ಕೀಳುವ ಹಾಗಿಲ್ಲ. ದಿನದ ಕೆಲಸ ನಿಲ್ಲಿಸುವಾಗ ದಾರದ ಸಮೇತ ಕೌದಿಯ ನಡುವಿಗೇ ಚುಚ್ಚಿ ಏಳಬೇಕು, ಮಾರನೆಯ ದಿನ ಅದೇ ಸೂಜಿಯಿಂದಲೇ ಮುಂದುವರಿಸಬೇಕು. ಸೂಜಿ ಕಿತ್ತಿಟ್ಟರೆ ಮಗುವಿನ ನಿದ್ದೆ ಕಿತ್ತುಹೋಗುತ್ತದೆ ಅನ್ನುತ್ತಿದ್ದರು ಬೀರಮ್ಮನ ಅತ್ತೆ ಲಕ್ಕಮ್ಮ. ಹೊಲಿಯುವುದನ್ನು ಬೀರಮ್ಮನಿಗೆ ಕಲಿಸಿದ್ದೇ ಅವರು. ಅವರು ತೀರಿಕೊಂಡು ಹನ್ನೆರಡು ವರ್ಷವಾಗಿದ್ದರೂ ಅವರ ಮಾತು ಆ ಮನೆಯಲ್ಲಿ ಇನ್ನೂ ಗಟ್ಟಿಯಾಗಿ ಓಡಾಡಿಕೊಂಡಿತ್ತು.

ಹದಿನೈದು ದಿನದ ಹಿಂದೆ ಒಂದು ಸಂಜೆ ಕರು ಹಗ್ಗ ಬಿಚ್ಚಿಕೊಂಡು ಜೋಳದ ಹೊಲಕ್ಕೆ ನುಗ್ಗಿತ್ತು. ಬೀರಮ್ಮ ಹೊಲಿಯುತ್ತಿದ್ದವಳು ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದು ಓಡಿದ್ದಳು. ಮಾರನೆಯ ಬೆಳಿಗ್ಗೆ ಕೂತಾಗ ಸೂಜಿ ಕಾಣಲಿಲ್ಲ. ಸವರಿದರೂ ಸಿಗಲಿಲ್ಲ. ಗಾಬರಿಯಲ್ಲಿ ಗಂಟಿಗೇ ಚುಚ್ಚಿಬಿಟ್ಟೆನೇನೋ, ಕಟ್ಟುಪಾಡು ಮುರಿದೆನೇನೋ ಅಂತ ನಾಲಿಗೆ ಕಚ್ಚಿಕೊಂಡು, ಯಾರಿಗೂ ಹೇಳದೆ, ಗಂಟಿನಿಂದ ಬೇರೆ ಸೂಜಿ ತೆಗೆದು, ಮಗಳ ಸೀಮಂತದ ಕೆಂಪು ಸೀರೆಯ ತುಂಡನ್ನು ಕೌದಿಯ ನಡುವೆ ಹಾಸಿ ಸುತ್ತಲೂ ಹೊಲಿದುಬಿಟ್ಟಿದ್ದಳು. ಗಂಟಿನಲ್ಲಿ ಎಷ್ಟಿವೆ ಅಂತ ಅವತ್ತು ಎಣಿಸಲಿಲ್ಲ. ಎಣಿಸಲು ಧೈರ್ಯವಿರಲಿಲ್ಲ ಅನ್ನುವುದೇ ಸರಿ.

ಈಗ ಎಣಿಸಿದಳು. ಸೂಜಿ ಆ ಕೆಂಪು ತುಂಡಿನ ಕೆಳಗೇ ಎಲ್ಲೋ ಇತ್ತು, ಆ ಕೌದಿ ಅರಕಲಗೂಡಿನಲ್ಲಿತ್ತು, ಕೂಸು ಹೋದ ವಾರವಷ್ಟೇ ಬೋರಲು ಬೀಳುವುದನ್ನು ಕಲಿತಿತ್ತು. ಮಲಗಿಸಿದರೆ ಸಾಕು, ಮಗುಚಿಕೊಂಡು ಮುಖವನ್ನು ಬಟ್ಟೆಗೆ ಒತ್ತಿ ಉಜ್ಜುತ್ತಿತ್ತು. ಅದು ನೆನಪಾದದ್ದೇ ಬೀರಮ್ಮ ಗಂಟನ್ನು ಅಲ್ಲೇ ಬಿಟ್ಟು ನಡುಮನೆಗೆ ಓಡಿದಳು.

ಫೋನ್ ಮಾಡಿದಳು. ಎತ್ತಿದ್ದು ಮಗಳಲ್ಲ, ಬೀಗಿತ್ತಿ ಚಿಕ್ಕತಾಯಮ್ಮ.

"ಎಲ್ರೂ ಚೆನ್ನಾಗಿ ಬಂದು ಸೇರುದ್ರು ಕಣಕ್ಕಯ್ಯ. ಮಾನಸಾ ನೀರು ಉಯ್ಕೊಳಕ್ಕೋಗವ್ಳೆ."

"ಮಗಾ?"

"ಮಗಾ ಮಲಗೈತೆ. ನಿಮ್ ಕೌದಿನೇ ಆಸಿದೀನಿ ನಡುಮನೇಲಿ. ಬಂದಾಗಿಂದ ಕಿರಿಕಿರಿ ಮಾಡ್ತಿತ್ತು, ಈಗ ಸ್ವಲ್ಪ ಕಣ್ಣು ಮುಚ್ಚೈತೆ."

"ಅಕ್ಕಯ್ಯ, ಮಗೀನ ಅದ್ರ ಮ್ಯಾಲಿಂದ ಎತ್ಕೊಂಡ್ಬುಡಿ."

"ಅದ್ಯಾಕೆ?"

ಇಲ್ಲಿ ಒಂದೇ ಒಂದು ಮಾತು ಆಡಬೇಕಿತ್ತು. ಒಳಗೆ ಸೂಜಿ ಇದೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಬೀರಮ್ಮನ ನಾಲಿಗೆ ಹೊರಳಲಿಲ್ಲ. ಓದುವವರಿಗೆ ಅವಳನ್ನು ಬೈಯಬೇಕು ಅನಿಸಿದರೆ ಬೈಯಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ನಾಲಿಗೆಯ ಮೇಲೆ ಏನೇನು ಕೂತಿತ್ತು ಅನ್ನುವುದನ್ನೂ ಹೇಳಬೇಕು.

ನಾಮಕರಣದ ದಿನ ಇದೇ ಚಿಕ್ಕತಾಯಮ್ಮ, ನಾಲ್ಕು ಜನರ ಮುಂದೆ, ಚಿಂದಿ ಬಟ್ಟೆ ಮೇಲೆ ಯಾಕೆ ಮಲಗಿಸಬೇಕು, ಹಾಸನದ ಅಂಗಡಿಯಲ್ಲಿ ಸೊಳ್ಳೆಪರದೆಯ ಹಾಸಿಗೆಯೇ ಸಿಗುತ್ತದಲ್ಲ, ಕೈಯಲ್ಲಿ ಹೊಲಿದದ್ದರಲ್ಲಿ ಸೂಜಿ ಗೀಜಿ ಉಳಿದುಕೊಂಡಿದ್ದರೆ ಅಂದಿದ್ದಳು. ಬೀರಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದುನಿಂತು ಉತ್ತರ ಕೊಟ್ಟಿದ್ದಳು. ನಮ್ಮತ್ತೆ ನಲವತ್ತು ವರ್ಷ ಹೊಲಿದರು, ನಾನು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೀನಿ, ಒಂದೇ ಒಂದು ಸೂಜಿ ಕಳೆದಿಲ್ಲ ನಮ್ಮ ಮನೆಯಲ್ಲಿ, ಅಂತ. ಕೇಳಿದವರೆಲ್ಲ ತಲೆದೂಗಿದ್ದರು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬೀರಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರ್ತಿ ಕಾಣದೇ ಇಲ್ಲ, ಮಾಗಿಯ ಮಂಜಿನಲ್ಲಿ ಕಂಡಷ್ಟು ಕಾಣುತ್ತಿತ್ತು. ಮೇಲಿಂದ ಸಕ್ಕರೆ ಕಾಯಿಲೆ, ಬೆರಳ ತುದಿಗೆಲ್ಲ ಜೋಮು. ಹೊಳೆನರಸೀಪುರದ ಕಣ್ಣಿನ ಕ್ಯಾಂಪಿನಲ್ಲಿ ಡಾಕ್ಟರು ಪೊರೆ ತೆಗೆಸಬೇಕು, ಅಲ್ಲಿಯವರೆಗೆ ಸೂಜಿ ಕೆಲಸ ಬೇಡ ಅಂದಿದ್ದರು. ಆ ಚೀಟಿಯನ್ನು ಅಕ್ಕಿ ಡಬ್ಬದ ತಳಕ್ಕೆ ಸೇರಿಸಿ ಬಂದವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಕೌದಿ ಬೀರಮ್ಮ ಅಂತ ಕರೆಯುತ್ತಿದ್ದ ಊರು ಕೌದಿ ತೆಗೆದು ಬರೀ ಬೀರಮ್ಮ ಅಂದರೆ ತಾನು ಯಾರು ಅನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ.

"ಒಂದು ಶಾಸ್ತ್ರ ಬಾಕಿ ಐತೆ ಅಕ್ಕಯ್ಯ," ಅಂದಳು. "ಮೂಲೆ ಒಂದು ಒಲಿಯಾದು ಉಳ್ಕೊಂಡದೆ. ಅದು ಮುಗಿಯಗಂಟ ಮಗೀನ ಮಲಗಿಸ್ಬಾರ್ದು."

ಚಿಕ್ಕತಾಯಮ್ಮ ನಕ್ಕಳು. "ಮಲಗಿರೋ ಮಗೀನ ಶಾಸ್ತ್ರಕ್ಕೆ ಎಬ್ಬಿಸ್ತಾರಾ? ಎದ್ದಮ್ಯಾಲೆ ತಗದ್ರಾಯ್ತು ಬುಡಿ."

"ನಾನೇ ಬತ್ತೀನಿ. ಈಗ್ಲೇ ಹೊಂಟೆ."

ಗಂಡ ಬೀರಲಿಂಗಯ್ಯ ಕೊಟ್ಟಿಗೆಯಲ್ಲಿದ್ದ. ಹೊರಟು ನಿಂತವಳನ್ನು ನೋಡಿ, "ಬೆಳಿಗ್ಗೆ ತಾನೆ ಕಳಿಸ್ದೆ, ಆಗ್ಲೇ ನೆನಪಾಯ್ತಾ?" ಅಂದ. ಹೂಂ ಅಂದು ನಡೆದಳು. ಅವನ ಮುಂದೆಯೂ ಹೇಳಲಿಲ್ಲ.

ಹಳ್ಳಿಮೈಸೂರಿನಲ್ಲಿ ಹೊಳೆನರಸೀಪುರದ ಬಸ್ಸು ಬೇಗ ಸಿಕ್ಕಿತು. ಹೆಂಗಸರೇ ತುಂಬಿದ್ದರು, ಡ್ರೈವರಿನ ಹಿಂದೆ ಕಂಬಿ ಹಿಡಿದು ನಿಂತಳು. ಬಸ್ಸು ಗುಂಡಿಗೆ ಇಳಿದು ಕುಲುಕಿದಾಗಲೆಲ್ಲ ಅವಳಿಗೆ ಆ ಕೌದಿ ಕಣ್ಣಮುಂದೆ ಬರುತ್ತಿತ್ತು. ಪದರದೊಳಗಿನ ಸೂಜಿ ಇದ್ದಲ್ಲಿ ಇರುವುದಿಲ್ಲ. ಮೇಲೆ ಭಾರ ಬಿದ್ದಂತೆ ಸರಿಯುತ್ತದೆ, ಮೊನೆ ಎತ್ತ ಮೆತ್ತಗಿದೆಯೋ ಅತ್ತ ನುಗ್ಗುತ್ತದೆ. ಇದನ್ನು ಬೇರೆಯವರಿಗೆ ಹೇಳಿಕೊಟ್ಟವಳೇ ಅವಳು. ಮಗು ಕಾಲು ಬಡಿದಷ್ಟೂ ಸೂಜಿ ಮೇಲೇರುತ್ತದೆ. ಯಾರೋ ಪಕ್ಕದಲ್ಲಿ, "ಯಾಕಮ್ಮ ಇಷ್ಟು ಬೆವರ್ತಿದ್ದೀರ, ಕೂತ್ಕಳಿ," ಅಂತ ಸೀಟು ಬಿಟ್ಟರು. ಕೂರಲಿಲ್ಲ. ಕೂತರೆ ಬಸ್ಸು ಇನ್ನೂ ನಿಧಾನವಾಗಿ ಹೋಗುತ್ತದೆ ಅನಿಸಿತು.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಾಲಾಗಿ ಬಸ್ಸುಗಳು ನಿಂತಿದ್ದವು. ಅವಳಿಗೆ ಒಂದು ಬೋರ್ಡೂ ಓದಲಾಗಲಿಲ್ಲ. ಬಿಳಿಯ ಮೇಲೆ ಕಪ್ಪು ಕಲೆಗಳು, ಅಷ್ಟೇ. ಎರಡು ವರ್ಷದಿಂದ ಅವಳು ಕಂಡಕ್ಟರು ಕೂಗುವುದನ್ನು ಕೇಳಿಸಿಕೊಂಡೇ ಬಸ್ಸು ಹತ್ತುತ್ತಿದ್ದಳು. ಈವತ್ತು ಯಾರೂ ಕೂಗುತ್ತಿರಲಿಲ್ಲ. ಒಂದು ಬಸ್ಸು ಹೊರಟಿತು. ಅದೇ ಅರಕಲಗೂಡಿನದಾಗಿದ್ದರೆ? ಕಟ್ಟೆಯ ಮೇಲೆ ಕೂತು ಫೋನ್ ನೋಡುತ್ತಿದ್ದ ಕಾಲೇಜು ಹುಡುಗಿಯ ಹತ್ತಿರ ಹೋದಳು.

"ಅವ್ವಾ, ನಂಗೆ ಕಣ್ಣು ಕಾಣಾಕಿಲ್ಲ. ಅರಕಲಗೂಡು ಬಸ್ಸು ಯಾವ್ದು ನೋಡಿ ಏಳು."

ಹುಡುಗಿ ಎದ್ದು ಕೈಹಿಡಿದು ಕರೆದುಕೊಂಡು ಹೋಗಿ ಹತ್ತಿಸಿದಳು. ಸೀಟಿನಲ್ಲಿ ಕೂತ ಮೇಲೆ ಬೀರಮ್ಮನಿಗೆ ತಾನು ಏನಂದೆ ಅನ್ನುವುದು ಅರಿವಾಯಿತು. ಗಂಡನಿಗೆ, ಮಗಳಿಗೆ ಹೇಳದ ಮಾತು ಗುರುತಿಲ್ಲದ ಹುಡುಗಿಯ ಮುಂದೆ ಎಷ್ಟು ಸಲೀಸಾಗಿ ಬಂದುಬಿಟ್ಟಿತ್ತು. ಹೇಳಿದ ಮೇಲೆ ಆಕಾಶವೇನೂ ಬಿದ್ದಿರಲಿಲ್ಲ. ಮತ್ತೆ ಫೋನ್ ತೆಗೆದು ಒತ್ತಿದಳು, ಈ ಸಲ ಹೇಳಿಯೇಬಿಡುತ್ತೇನೆ ಅಂದುಕೊಂಡಳು. ಸಿಗ್ನಲ್ ಇರಲಿಲ್ಲ. ಸಿಗ್ನಲ್ ಬಂದ ಮೇಲೆ ಧೈರ್ಯ ಇರಲಿಲ್ಲ.

ಚಿಕ್ಕತಾಯಮ್ಮನ ಮನೆ ಅರಕಲಗೂಡಿನ ಅಂಚಿನಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ದಾಟಿದ ಮೇಲೆ. ಆಟೋ ಇಳಿದವಳಿಗೆ ರಸ್ತೆಗೇ ಕೂಸಿನ ಅಳು ಕೇಳಿತು. ಹಸಿದ ಅಳು ಯಾವುದು, ನಿದ್ದೆಯ ಅಳು ಯಾವುದು ಅಂತ ಬೀರಮ್ಮನಿಗೆ ಗೊತ್ತು. ನಾಲ್ಕು ತಿಂಗಳು ತೊಡೆಯ ಮೇಲಿಟ್ಟುಕೊಂಡು ನೀರು ಎರೆದವಳು ಅವಳು. ಇದು ಎರಡೂ ಅಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು.

ಕೂಸು ಮಾನಸಾಳ ಹೆಗಲ ಮೇಲಿತ್ತು. ಕೌದಿ ನೆಲದ ಮೇಲೆ ಹಾಸಿಕೊಂಡೇ ಇತ್ತು.

"ಏನವ್ವ, ಒಳ್ಳೆ ಓಡ್ಬಂದಂಗೆ ಬಂದೆ?" ಅಂದಳು ಮಾನಸಾ.

"ಯಾಕೆ ಅಳ್ತದೆ?"

"ಮೊನ್ನೆ ಇಂಜೆಕ್ಷನ್ ಆಯ್ತಲ್ಲ, ಅದು ನೋವಿರ್ಬೇಕು. ಮಲಗಿಸಿದ್ರೆ ಕಿಟ್ಟನೆ ಕಿರುಚ್ತದೆ, ಎತ್ಕೊಂಡ್ರೆ ಸುಮ್ನಾಯ್ತದೆ. ಆಗ್ಲಿಂದ ಇದೇ ಆಟ."

ಮಲಗಿಸಿದರೆ ಕಿರುಚುತ್ತದೆ. ಬೀರಮ್ಮ ಕೂಸನ್ನು ಕಸಿದುಕೊಂಡವಳ ಹಾಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ತೊಡೆಯಲ್ಲಿ ಕೆಂಪಗೆ ಏನೋ ಇತ್ತು. ಇಂಜೆಕ್ಷನ್ ಕಲೆಯೋ, ಸೂಜಿಯ ಕಲೆಯೋ, ಅವಳ ಕಣ್ಣಿಗೆ ಎರಡೂ ಒಂದೇ ಮಂಜು. "ಯಾವ ತೊಡೆಗೆ ಚುಚ್ಚಿದ್ರು?" ಅಂದಳು. "ಎರಡಕ್ಕೂ," ಅಂದಳು ಮಾನಸಾ. ಕೂಸನ್ನು ವಾಪಸ್ಸು ತೆಗೆದುಕೊಂಡಳು.

ಬೀರಮ್ಮ ಕೌದಿಯನ್ನು ಜಗುಲಿಗೆ ಎಳೆದುಕೊಂಡು ಮಂಡಿಯೂರಿ ಕೂತಳು. ಕೆಂಪು ತುಂಡಿನ ಸುತ್ತ ಸವರಿದಳು, ಒತ್ತಿದಳು, ಮಡಿಸಿದಳು. ಜೋಮು ಹಿಡಿದ ಬೆರಳಿಗೆ ದಾರದ ಗಂಟೂ ಒಂದೇ, ಸೂಜಿಯೂ ಒಂದೇ. ಕೊನೆಗೆ ಬಗ್ಗಿ ಕೆನ್ನೆಯಿಟ್ಟು ಉಜ್ಜಿದಳು, ಕೆನ್ನೆಗಾದರೂ ತಿಳಿದೀತು ಅಂತ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕತಾಯಮ್ಮನಿಗೆ ಇದು ಯಾವ ಶಾಸ್ತ್ರ ಅಂತ ಅರ್ಥವಾಗಲಿಲ್ಲ.

"ಮೂಲೆ ಒಲಿತೀನಿ ಅಂದ್ರಿ. ನಡುವೆ ಏನು ಹುಡುಕ್ತಿದ್ದೀರಿ?"

ಒಳಗಿಂದ ಕೂಸು ಮತ್ತೆ ಕಿರುಚಿತು. ಆ ಕಿರುಚಾಟಕ್ಕೆ ಬೀರಮ್ಮನ ಬಾಯಿ ತಾನಾಗಿ ತೆರೆದುಕೊಂಡಿತು.

"ಸೂಜಿ ಕಳ್ದದೆ," ಅಂದಳು. "ಇದ್ರೊಳ್ಗೆ ಇರ್ಬೇಕು."

ಮಾನಸಾ ಹೊರಗೆ ಬಂದಳು. ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಕುಕ್ಕರುಗಾಲಲ್ಲಿ ಕೂತು ಕೌದಿಯನ್ನು ಅಂಗೈಯಲ್ಲಿ ತಟ್ಟುತ್ತ ಬಂದಳು. ಎಳೆಯ ಕೈ, ಬೇಗ ಸಿಕ್ಕಿತು. ಕೆಂಪು ತುಂಡಿನಿಂದ ಒಂದು ಗೇಣು ಕೆಳಗೆ, ಒಳಪದರದಲ್ಲಿ, ಏನೋ ಗಟ್ಟಿ. ಬ್ಲೇಡು ತಂದು ಅಲ್ಲಿ ಎರಡು ಬೆರಳಗಲ ಸೀಳಿ, ಹಿಂಜಿ, ಹೊರಗೆಳೆದಳು.

"ಇದೇ ಕಣವ್ವ. ಸಿಕ್ತು." ಹೇಳುತ್ತ ಹೇಳುತ್ತಲೇ ಅವಳಿಗೆ ಅಳು ಬಂತು. "ಎಂಗೆ ಎದೆ ಒಡ್ಕೊಂಡ್ತು ಗೊತ್ತಾ ನಂಗೆ."

"ಸಿಕ್ತಲ್ಲ ಬುಡಿ, ದೇವ್ರು ದೊಡ್ಡೋನು," ಅಂದಳು ಚಿಕ್ಕತಾಯಮ್ಮ. ನಾಮಕರಣದ ದಿನದ ಮಾತನ್ನು ಎತ್ತಿ ಆಡಬಹುದಿತ್ತು, ಆಡಲಿಲ್ಲ. ಅದಕ್ಕೆ ಅವಳನ್ನು ಮೆಚ್ಚಬೇಕು. "ಏಳಿ ಅಕ್ಕಯ್ಯ, ಮುಖ ತೊಳ್ಕೊಳಿ. ಒಂದು ಲೋಟ ಕಾಫಿ ಕುಡೀರಿ."

ಮಾನಸಾ ಕಣ್ಣೊರೆಸಿಕೊಂಡು ಸೂಜಿಯನ್ನು ತಾಯಿಯ ಅಂಗೈಗೆ ಇಟ್ಟಳು. "ನೀನು ಕೂತ್ಕೊ. ಈ ಸೀಳಿರೋದ್ನ ನಾನೇ ನಾಕು ಹೊಲಿಗೆ ಹಾಕಿ ಮುಚ್ಚಿ ಮಗೀನ ಮಲಗಿಸ್ತೀನಿ," ಅಂದು ಸೂಜಿದಾರ ತರಲು ಒಳಗೆ ಹೋದಳು.

ಬೀರಮ್ಮ ಸೂಜಿಯನ್ನು ಕೆನ್ನೆಗೆ ತಾಗಿಸಿ ಹೊರಳಿಸಿದಳು. ತುಕ್ಕು ಹಿಡಿದು ಒರಟಾಗಿತ್ತು. ಹದಿನೈದು ದಿನದಲ್ಲಿ ಇಷ್ಟು ತುಕ್ಕು ಹಿಡಿಯುವುದಿಲ್ಲ. ತಲೆಯ ಭಾಗ ಚಪ್ಪಟೆಯಾಗಿತ್ತು. ಬೆರಳಿಗೆ ಒತ್ತದಿರಲಿ ಅಂತ ಸೂಜಿಯ ತಲೆಯನ್ನು ಬಚ್ಚಲುಕಲ್ಲಿಗೆ ಉಜ್ಜಿ ಚಪ್ಪಟೆ ಮಾಡಿಕೊಳ್ಳುತ್ತಿದ್ದವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ.

ಇದು ಲಕ್ಕಮ್ಮನ ಸೂಜಿ.

ಹೊಸ ಕೌದಿಯ ಹೊಟ್ಟೆಗೆ ಹಾಕಿದ್ದು ಲಕ್ಕಮ್ಮ ಹೊಲಿದ ಹಳೇ ಕೌದಿಯ ತುಂಡು. ಆ ಕೌದಿ ಬೀರಮ್ಮನ ಹಿರಿಮಗನಿಗೆ ಅಂತ ಮೂವತ್ತನಾಲ್ಕು ವರ್ಷದ ಹಿಂದೆ ಹೊಲಿದದ್ದು. ಆ ಮಗನನ್ನೂ ಅದರ ಮೇಲೆ ಮಲಗಿಸಿದರೆ ಕಿರುಚುತ್ತಿದ್ದ. ಲಕ್ಕಮ್ಮ ಮೂರು ದಿನ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ, ಈ ಕೌದಿ ಆಗಿಬರಲಿಲ್ಲ ಅಂದು, ಮಡಿಸಿ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದು ತಾವೇ ಅಟ್ಟಕ್ಕೆ ಹಾಕಿದ್ದರು. ಬಿಚ್ಚಿ ನೋಡಲು ಒಂದು ಹಗಲು ಸಾಕಾಗಿತ್ತು. ನೋಡಲಿಲ್ಲ. ತಾವು ಇರುವ ತನಕ ಆ ಚೀಲ ಮುಟ್ಟಲೂ ಯಾರಿಗೂ ಬಿಡಲಿಲ್ಲ. ಬೀರಮ್ಮ ಅದನ್ನು ಅತ್ತೆಯ ಮಡಿ ಅಂದುಕೊಂಡಿದ್ದಳು. ಅವರು ಹೋದ ಮೇಲೆ, ಮಗಳ ಮಗುವಿಗೆ ಮುತ್ತಜ್ಜಿಯ ಕೈ ತಾಗಲಿ ಅಂತ ಆಸೆಪಟ್ಟು ಆ ಚೀಲ ಇಳಿಸಿ ಬಿಚ್ಚಿ ಒಳ್ಳೆಯ ತುಂಡು ನೋಡಿ ಕತ್ತರಿಸಿದ್ದಳು.

ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹೋದರು. ಬೀರಮ್ಮನಿಗೆ ಅವರ ಮೇಲೆ ಬಂದ ಸಿಟ್ಟು ಒಂದು ಗಳಿಗೆ ಕೂಡ ನಿಲ್ಲಲಿಲ್ಲ, ಅದು ನೇರವಾಗಿ ತನ್ನ ಮೇಲೆಯೇ ತಿರುಗಿತು. ಯಾಕೆಂದರೆ ಆ ಹೊತ್ತಿಗಾಗಲೇ ಅವಳ ತಲೆಯಲ್ಲಿ ಒಂದು ಉಪಾಯ ತಯಾರಾಗಿತ್ತು. ಸೂಜಿ ಸಿಕ್ಕಿತು ಅಂತ ಎಲ್ಲರೂ ಸಮಾಧಾನವಾಗಿದ್ದಾರೆ. ಸೀಳಿದ ಕೌದಿ ಅಪಶಕುನ, ಊರಿಗೆ ತೆಗೆದುಕೊಂಡು ಹೋಗಿ ಸರಿಮಾಡಿ ತರುತ್ತೇನೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಕಣ್ಣಿನ ವಿಷಯವೂ ಬರುವುದಿಲ್ಲ. ಮನೆಗೆ ಒಯ್ದು ಒಬ್ಬಳೇ ಬಿಚ್ಚಿ ತನ್ನ ಸೂಜಿ ಹುಡುಕಬಹುದು. ಈ ಕಣ್ಣಿಗೆ, ಈ ಬೆರಳಿಗೆ ಸಿಗುತ್ತದೆಯೇ? ಸಿಗುವುದಿಲ್ಲ. ಸಿಗದಿದ್ದರೆ ಏನು ಮಾಡುತ್ತೀಯ? ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದು ಅಟ್ಟಕ್ಕೆ ಹಾಕುತ್ತೀಯ. ಈ ಕೂಸು ದೊಡ್ಡದಾಗಿ, ಅಜ್ಜಿಯ ಕೈ ತಾಗಲಿ ಅಂತ ಅದನ್ನು ಇಳಿಸುವ ತನಕ.

ಮಾನಸಾ ಸೂಜಿದಾರ ಹಿಡಿದು ಬಂದು ಕೂತಳು.

"ಒಲಿಬ್ಯಾಡ," ಅಂದಳು ಬೀರಮ್ಮ.

"ಯಾಕವ್ವ?"

"ಇದು ನನ್ ಸೂಜಿ ಅಲ್ಲ. ನಿಮ್ಮಜ್ಜಿದು. ನಂದು ಇನ್ನೂ ಒಳ್ಗೇ ಐತೆ."

ಮಾನಸಾ ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

"ನಂಗೆ ಕಣ್ಣು ಕಾಣಾಕಿಲ್ಲ ಕಣೆ. ಚುಚ್ಚಿಟ್ಟ ಸೂಜಿ ಕಾಣ್ನಿಲ್ಲ, ಅದ್ರ ಮ್ಯಾಲೇ ಬಟ್ಟೆ ಇಟ್ಟು ಒಲಿದ್ಬುಟ್ಟೆ. ಈವತ್ತು ಬೆಳಿಗ್ಗೆನೇ ಗೊತ್ತಾಯ್ತು."

"ಬೆಳಿಗ್ಗೆನೇ ಗೊತ್ತಿತ್ತಾ?" ಕೇಳಿದ್ದು ಚಿಕ್ಕತಾಯಮ್ಮ. ಅವಳ ದನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು. "ಫೋನಲ್ಲಿ ಯಾಕೆ ಅಂತ ಕೇಳಿದ್ನಲ್ಲ ನಾನು. ಶಾಸ್ತ್ರ ಅಂದ್ರಿ. ಮೂರು ಗಂಟೆ ಮಗಾ ಅದ್ರ ಮ್ಯಾಲಿತ್ತು ಕಣ್ರೀ. ಅಳ್ತದೆ ಅಂತ ಮತ್ತೆ ಮತ್ತೆ ಅದ್ರ ಮ್ಯಾಲೇ ಒತ್ತಿ ಒತ್ತಿ ಮಲಗಿಸ್ದೋಳು ನಾನು."

ಬೀರಮ್ಮ ಕೌದಿಯನ್ನು ಮಗಳ ಕಡೆಗೆ ತಳ್ಳಿದಳು.

ಚಿಕ್ಕತಾಯಮ್ಮ ಕೂಸನ್ನು ಬಾಗಿಲ ಬೆಳಕಿನಲ್ಲಿ ತೊಡೆಯ ಮೇಲೆ ಹಾಕಿಕೊಂಡು ಅಂಗಿ ಬಿಚ್ಚಿ, ಕನ್ನಡಕ ಹಾಕಿಕೊಂಡು ಅಂಗುಲ ಅಂಗುಲ ನೋಡತೊಡಗಿದಳು. ಮಾನಸಾ ಬ್ಲೇಡಿನಲ್ಲಿ ಹೊಲಿಗೆ ಕೊಯ್ಯುತ್ತ ಹೋದಳು. ಬೀರಮ್ಮ ಒಂದೊಂದೇ ಪದರ ಎತ್ತಿ ಹಿಡಿದಳು. ತಿಂಗಳೊಪ್ಪತ್ತು ಕೂತು ಹಾಕಿದ ಹೊಲಿಗೆ ಪರಪರನೆ ಬಿಚ್ಚಿಕೊಂಡಿತು. ಅದರ ಬಗ್ಗೆ ಬೀರಮ್ಮನಿಗೆ ಏನೂ ಅನಿಸಲಿಲ್ಲ. ಕಿವಿ ಪೂರ್ತಿ ಚಿಕ್ಕತಾಯಮ್ಮನ ಕಡೆಗಿತ್ತು, ಅವಳು ಏನನ್ನು ಕಂಡು ಏನನ್ನುತ್ತಾಳೋ ಅಂತ.

"ಇಲ್ಲಿ ಐತೆ," ಅಂದಳು ಚಿಕ್ಕತಾಯಮ್ಮ. "ಬಲಗಿವಿ ಹಿಂದೆ. ಗೀರಿದೆ. ರಕ್ತ ಒಣಗೈತೆ."

ಅದೇ ಹೊತ್ತಿಗೆ ಮಾನಸಾ ಕೆಂಪು ತುಂಡನ್ನು ಮಗುಚಿದಳು. ಅದರ ಕೆಳಗೆ, ಹೊರಳಾಡುವ ಕೂಸಿನ ತಲೆ ತಾಗುವ ಜಾಗದಲ್ಲಿ, ಸೂಜಿ ಓರೆಯಾಗಿ ನಿಂತಿತ್ತು, ಮೊನೆ ಮೇಲಕ್ಕೆ. ಕೆಂಪು ಬಟ್ಟೆಯಿಂದ ಒಂದು ಎಳ್ಳಿನಷ್ಟು ಹೊರಗೆ ಬಂದಿತ್ತು. ಅಷ್ಟನ್ನು ಬೀರಮ್ಮನ ಕಣ್ಣು ಯಾವ ಕಾಲಕ್ಕೂ ಕಾಣುತ್ತಿರಲಿಲ್ಲ. ಮಾನಸಾ ಅದನ್ನು ಎಳೆದು ಜಗುಲಿಯ ಕಲ್ಲಿನ ಮೇಲೆ ಇಟ್ಟಳು.

ಗೀರು ಆಳಕ್ಕೆ ಹೋಗಿರಲಿಲ್ಲ. ಆದರೂ ಆಸ್ಪತ್ರೆಗೆ ತೋರಿಸಿಯೇ ತೀರಬೇಕು ಅಂತ ಚಿಕ್ಕತಾಯಮ್ಮ ಮಧುಕುಮಾರನಿಗೆ ಫೋನ್ ಮಾಡಿ ಬರಹೇಳಿದಳು. ಅಷ್ಟರಲ್ಲಿ ಬರೀ ಚಾಪೆಯ ಮೇಲೆ ಮಲಗಿಸಿದ ಕೂಸು ಕೈಬೆರಳು ಚೀಪುತ್ತ ಸುಮ್ಮನಾಗಿತ್ತು. ಬೀರಮ್ಮನಿಗೆ ಅದನ್ನು ಎತ್ತಿಕೊಳ್ಳಬೇಕು ಅನಿಸಿತು, ಕೇಳಲು ಬಾಯಿ ಬರಲಿಲ್ಲ.

ಮಾನಸಾ ಬಿಚ್ಚಿದ ಬಟ್ಟೆಗಳ ನಡುವೆಯೇ ಕೂತಿದ್ದಳು.

"ಕಣ್ಣು ಇಂಗಾಗಿ ಎಷ್ಟು ದಿನ ಆಯ್ತವ್ವ?"

"ಎರಡು ವರ್ಷ ಆಗ್ತಾ ಬಂತು."

"ಈ ಎರಡು ವರ್ಷದಲ್ಲಿ ಬೇರೆ ಮಕ್ಳಿಗೆ ಎಷ್ಟು ಒಲ್ದಿದೀಯ?"

ಬೀರಮ್ಮ ತಲೆಯೆತ್ತಿದಳು. ಆ ಪ್ರಶ್ನೆಯ ಕಡೆಗೆ ಅವಳ ಮನಸ್ಸು ಬೆಳಗಿನಿಂದ ಒಂದು ಸಲವೂ ಹೋಗಿರಲಿಲ್ಲ. ಹೋಗಲು ತಾನೇ ಬಿಟ್ಟಿರಲಿಲ್ಲವೇನೋ.

"ದುದ್ದದ ರಂಜಿನಿಗೊಂದು," ಅಂದಳು ನಿಧಾನವಾಗಿ. "ನಮ್ಮೂರು ಮೇಷ್ಟ್ರು ಮನೇಗೊಂದು. ಹೊಳೆನರಸೀಪುರಕ್ಕೆ ಎರಡು."

"ಸೂಜಿ ಇದೊಂದೇನಾ ಕಳ್ದಿರೋದು?"

ಹೌದು ಅನ್ನಬಹುದಿತ್ತು. "ಇಲ್ಲ," ಅಂದಳು ಬೀರಮ್ಮ. "ಇನ್ನೆರಡು ಕಳ್ದಿದ್ವು. ಕಸದಲ್ಲಿ ಓಗಿರ್ತವೆ ಅಂದ್ಕೊಂಡು ಅಂಗ್ಡೀಲಿ ಬೇರೆ ತಂದಿದ್ದೆ. ಯಾವಾಗ ಯಾವ್ದರಲ್ಲಿ, ನಂಗೆ ಗೊತ್ತಿಲ್ಲ ಕಣೆ."

ಚಿಕ್ಕತಾಯಮ್ಮ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡಳು. ಮಾನಸಾ ತಾಯಿಯ ಚೀಲದಿಂದ ಫೋನ್ ತೆಗೆದು, ಹೆಸರು ಹುಡುಕಿ, ಒತ್ತಿ, ಅವಳ ಕೈಗೆ ಕೊಟ್ಟಳು. "ನಾನೇಳ್ಲಾ?" ಅಂದಳು. ಬೀರಮ್ಮ ಬೇಡ ಅಂತ ತಲೆಯಾಡಿಸಿದಳು.

ಆ ಕಡೆ ಎತ್ತಿದರು. ಟೀವಿಯ ಸದ್ದು ಕೇಳುತ್ತಿತ್ತು.

"ರಂಜಿನಿ, ನಾನು ಕಣವ್ವ, ಹಳ್ಳಿಮೈಸೂರು ಕಡೆ ಬೀರಮ್ಮ. ನಾನು ಒಲ್ದುಕೊಟ್ಟ ಕೌದಿ ಮ್ಯಾಲೆ ಮಗಾ ಇದ್ರೆ ಈಗ್ಲೇ ಎತ್ಕೊ. ಅದ್ರೊಳ್ಗೆ ಸೂಜಿ ಉಳ್ದಿರ್ಬೋದು. ನಂಗೆ ಕಣ್ಣು ಕಾಣಾಕಿಲ್ಲ, ನಾನು ಏಳಿರ್ನಿಲ್ಲ."

ಆ ಕಡೆ ಟೀವಿ ನಿಂತಿತು.

"ಅಯ್ಯೋ, ಆ ಕೌದಿ ಈಗ ನಮ್ಮನೇಲಿ ಇಲ್ವಲ್ಲ ಬೀರಮ್ಮ," ಅಂದಳು ರಂಜಿನಿ. "ನಮ್ ಪಾಪು ದೊಡ್ಡೋನಾದ್ನಲ್ಲ. ನಮ್ ನಾದಿನಿಗೆ ಹೋದ ತಿಂಗಳು ಮಗು ಆಯ್ತು, ಚನ್ನರಾಯಪಟ್ಟಣದಲ್ಲಿ. ಅವಳ ಮಗೂಗೆ ಕೊಟ್ಟು ಕಳಿಸಿದ್ವಿ."

ಬೀರಮ್ಮ ಮಗಳಿಗೆ ಹತ್ತಿರ ಬಾ ಅಂತ ಸನ್ನೆ ಮಾಡಿದಳು.

"ಅವ್ಳ ನಂಬರ್ ಏಳವ್ವ," ಅಂದಳು. "ಬೇಗ ಏಳು. ನನ್ ಮಗ್ಳು ಬರ್ಕೊತಾಳೆ."